ಬಣ್ಣದ ಮೇಲಿನ ಬೆಸುಗೆ

ಅಕ್ಕನ ಗಾಲಿಕುರ್ಚಿ ಆಸ್ಪತ್ರೆಯ ಇಳಿಜಾರಿನಲ್ಲಿ ಮಗುಚಿ ಅವಳ ಕೈ ಮುರಿದಾಗ, ಹಿಂದಿನಿಂದ ತಳ್ಳುತ್ತಿದ್ದವನು ಭಾವ. ಹಾಗಾಗಿ ಬೈಗುಳವೆಲ್ಲ ಅವನ ಪಾಲಿಗೇ ಬಂತು.

"ಕಣ್ಣು ಬಿಟ್ಕೊಂಡು ತಳ್ಳೋಕಾಗಲ್ವಾ? ಕಲ್ಲಿಗೆ ಹೊಡೆಸಿದ್ರಿ, ಅದಕ್ಕೇ ಚಕ್ರ ಕಿತ್ತು ಬಂತು," ಎಂದಳು ಅಕ್ಕ. ಅಮ್ಮ ಅಳಿಯನಿಗೆ ನೇರವಾಗಿ ಏನೂ ಅನ್ನಲಿಲ್ಲ. ಊಟದ ತಟ್ಟೆಯನ್ನು ಸ್ವಲ್ಪ ಸದ್ದಾಗುವಂತೆ ಇಟ್ಟಳು. ಭಾವ ತಲೆ ತಗ್ಗಿಸಿಕೊಂಡು ಉಂಡ. ಪಕ್ಕದಲ್ಲೇ ಕೂತಿದ್ದ ತಮ್ಮ, ಪೇಟೆಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟವನು, ಸಾರು ಕಲಸಿಕೊಂಡು ಉಣ್ಣುತ್ತಲೇ ಇದ್ದ. ಕಿತ್ತು ಬಂದ ಆ ಮುಂದಿನ ಚಕ್ರದ ಕೊಳವೆ ಹಿಂದೊಮ್ಮೆ ಬಿರುಕು ಬಿಟ್ಟಿದ್ದಾಗ ಬೆಸೆದುಕೊಟ್ಟವನು ಅವನೇ.

ಮರುದಿನ ಭಾವ ಕುರ್ಚಿಯನ್ನು ಹೆಗಲ ಮೇಲೆ ಹೊತ್ತು ಅಂಗಡಿಗೆ ತಂದ.

"ಅಲ್ಲಿ ಕಲ್ಲಿತ್ತೋ ಇಲ್ವೋ, ನಂಗೆ ನೆನಪೇ ಆಗ್ತಿಲ್ಲ ಮಾರಾಯ. ಇತ್ತೇನೋ. ಜೋರಾಗಿ ಹೊಡೆದ್ರೆ ಹಿಂಗೆ ಮುರಿಯತ್ತಾ?"

ತಮ್ಮ ಮುರಿದ ಜಾಗವನ್ನು ಬೆಳಕಿಗೆ ಹಿಡಿದ. ಕೊಳವೆ ತೆಳು, ಕರೆಂಟಿನ ಆರ್ಕ್ ವೆಲ್ಡಿಂಗ್ ಹೊಡೆದರೆ ತೂತು ಬೀಳುತ್ತದೆಂದು ಹಿಂದಿನ ಸಲ ಗ್ಯಾಸ್ ಹಚ್ಚಿ ಹಿತ್ತಾಳೆ ಕಡ್ಡಿ ಕರಗಿಸಿದ್ದ. ಆ ಹಿತ್ತಾಳೆ ಈಗ ಒಣಗಿದ ಗಾಯದ ಹಕ್ಕಳೆಯ ಹಾಗೆ ಇಡಿಯಾಗಿ ಎದ್ದುಬಂದಿತ್ತು. ಅದರಡಿ ಉಕ್ಕು ಕಾಣಲಿಲ್ಲ. ಸುಟ್ಟ ಬಣ್ಣ, ಎಣ್ಣೆಮಸಿ. ಅರ ಹಾಕಿ ಉಜ್ಜಿ ಲೋಹ ಬೆಳ್ಳಗೆ ಮಾಡಿಕೊಳ್ಳದೆ ಬೆಸೆದರೆ ಹಿತ್ತಾಳೆ ಹಿಡಿಯುವುದಿಲ್ಲ. ಅಂಗಡಿಗೆ ಬರುವವರಿಗೆಲ್ಲ ಅವನು ಹೇಳುತ್ತಿದ್ದ ಮಾತೇ ಅದು.

"ಹೂಂ, ಏಟು ಬಿದ್ರೆ ಮುರಿಯತ್ತೆ," ಎಂದ.

ಭಾವನ ಮುಖ ಇನ್ನಷ್ಟು ಇಳಿಯಿತು. "ಹಂಗಾದ್ರೆ ನಂದೇ ತಪ್ಪು, ಬಿಡು."

ಅವನು ಹೋದಮೇಲೆ ತಮ್ಮ ಕೊಳವೆಯನ್ನು ಫಳಫಳ ಹೊಳೆಯುವವರೆಗೆ ಉಜ್ಜಿದ. ಬೇಕಾದ್ದಕ್ಕಿಂತ ಹೆಚ್ಚೇ ಉಜ್ಜಿದ. ಕೆಂಪಗೆ ಕಾದ ಉಕ್ಕಿನ ಮೇಲೆ ಹಿತ್ತಾಳೆ ಹರಿದು ಸಂದಿಯೊಳಕ್ಕೆ ತಾನಾಗಿ ಇಳಿಯಿತು. ಉಜ್ಜಲು ಎಷ್ಟು ಮಹಾ ಹೊತ್ತು ಬೇಕಿತ್ತು!

ಕುರ್ಚಿ ತಲುಪಿಸಲು ಹೋದಾಗ ಭಾವ ಹೊರಗೆ ಮೆಟ್ಟಿಲ ಮೇಲೆ ಒಬ್ಬನೇ ಕೂತಿದ್ದ. ಒಳಗೆ ಅಕ್ಕ, "ಇನ್ಮೇಲೆ ನೀನೇ ತಳ್ಳು ಕಣೋ. ಇವರ ಕೈಗೆ ಕೊಡಲ್ಲ," ಎಂದಳು.

ತಮ್ಮ ಬಾಗಿಲಿಗೆ ಹೋಗಿ, "ಭಾವ, ಒಳಗೆ ಬನ್ನಿ," ಎಂದು ಕರೆದ. ಬಂದಮೇಲೆ ಒಂದೇ ಉಸಿರಿಗೆ ಹೇಳಿದ: "ಕಲ್ಲೂ ಇಲ್ಲ, ಏನೂ ಇಲ್ಲ. ನಾನು ಬಣ್ಣ ಕೆರೀದೆ ಬೆಸೆದಿದ್ದೆ. ಅದಕ್ಕೇ ಬಿಟ್ಕೊಳ್ತು."

"ಯಾಕೆ ಕೆರೀಲಿಲ್ಲ?" ಅಕ್ಕ ಕೇಳಿದಳು.

"ಮ್ಯಾಚ್ ಇತ್ತು. ಗೆಳೆಯ ಸ್ಕೂಟರ್ ತಂದು ಕಾಯ್ತಿದ್ದ."

ಅಮ್ಮ ಸೆರಗು ಬಾಯಿಗೆ ಹಿಡಿದಳು. ಅಕ್ಕ ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿ ಸರಿಮಾಡಿಕೊಂಡು, "ಕೈ ಹೋಗ್ಲಿ, ಕೂಡುತ್ತೆ. ನಾನು ಇವರಿಗೆ ಬಾಯಿಗೆ ಬಂದಂಗೆ ಅಂತಿದ್ದಾಗ ಪಕ್ಕದಲ್ಲೇ ಕೂತು ಉಣ್ತಿದ್ಯಲ್ಲ, ಆಗ ನಿನ್ನ ಬಾಯಿಗೇನಾಗಿತ್ತು?" ಎಂದಳು.

ತಮ್ಮ ಭಾವನ ಕಡೆ ತಿರುಗಿದ. ಭಾವ ಬೈದಿದ್ದರೆ ಹಗುರಾಗುತ್ತಿತ್ತೇನೋ. ಅವನು ಬಗ್ಗಿ ಹೊಸ ಬೆಸುಗೆಯನ್ನು ಹಿಡಿದು ಜಗ್ಗಿದ, ಮತ್ತೊಮ್ಮೆ ಜಗ್ಗಿದ.

"ಹೊರಗೆ ಹೋಗಿ ಬರೋಣ್ವಾ?" ಎಂದಳು ಅಕ್ಕ, ಗಂಡನ ಮುಖ ನೋಡದೆ.

ಭಾವ ಅವಳನ್ನು ಎತ್ತಿ ಕೂರಿಸಿದ. ತಮ್ಮ ಬಾಗಿಲು ಹಿಡಿಯಲು ಮುಂದೆ ಬಂದ.

"ಬೇಡ, ನಾವು ಹೋಗ್ತೀವಿ," ಎಂದ ಭಾವ.