ಶೀಗಿ ಹುಣ್ಣಿಮೆಯ ಚರಗ

ಒಂದು ವರ್ಷದಿಂದ ನೀಲಿಮಾ ಭಾನುವಾರದ ನಿದ್ದೆಗೆ ಎಳ್ಳುನೀರು ಬಿಟ್ಟಿದ್ದಳು. ಪಿಂಪ್ರಿಯ ಪಕ್ಕದ ವಾಕಡದ ಫ್ಲಾಟಿನಿಂದ ಎಪ್ಪತ್ತು ಕಿಲೋಮೀಟರ್ ಕಾರು ಓಡಿಸಿಕೊಂಡು ಸಂರಕ್ಷಿತ ಹುಲ್ಲುಗಾವಲಿಗೆ ಹೋಗುವುದು, ತೋಳದ ಹೆಜ್ಜೆ ಯಾವುದು ನಾಯಿಯದ್ದು ಯಾವುದು, ಅಂಚಿನ ಕೆರೆಗೆ ಯಾವ ತಿಂಗಳು ಯಾವ ಹಕ್ಕಿ ಬರುತ್ತದೆ ಎಂದು ಕಲಿಯುವುದು. ಎಲ್ಲವೂ ಮಾರ್ಗದರ್ಶಿಯ ಒಂದು ಬಿಲ್ಲೆಗಾಗಿ. ಇವತ್ತು ಕೊನೆಯ ಪರೀಕ್ಷೆ. ಮೂವರನ್ನು ಒಂದು ನಿಯಮವೂ ಮುರಿಯದಂತೆ ಒಂದು ಸುತ್ತು ತಿರುಗಿಸಿ ತರಬೇಕು. ಕಾವಲುಗಾರ ಹಿಂದೆಯೇ ಬಂದು ನೋಡುತ್ತಾನೆ.

ಬರುತ್ತೇವೆಂದಿದ್ದ ಗೆಳತಿಯರು ಹಿಂದಿನ ದಿನ ಕೈಕೊಟ್ಟರು. ಹಾಗಾಗಿ ಗಂಡ ಓಂಕಾರ್, ಮಾವ ಮಾರ್ತಾಂಡ, ಅತ್ತೆ ರಂಗೂಬಾಯಿ ಹೊರಟರು. ಅತ್ತೆ ಬೆಳಗಾಗುವ ಮೊದಲೇ ಎದ್ದು ಕಡುಬು, ಸಜ್ಜೆ ರೊಟ್ಟಿ, ಪುಂಡಿಪಲ್ಯ ಮಾಡಿ ಬುತ್ತಿ ಕಟ್ಟಿದಾಗಲೇ ನೀಲಿಮಾ ಎಚ್ಚೆತ್ತುಕೊಳ್ಳಬೇಕಿತ್ತು. ಅಂದು ಶೀಗಿ ಹುಣ್ಣಿಮೆ. ಧಾರವಾಡದ ಕಡೆ ಆ ಹೊತ್ತಿನ ಹೊಲವೆಂದರೆ ಬಸುರಿ ಭೂಮಿತಾಯಿ. ಆಕೆಯ ಬಯಕೆಗೆಂದು ಅಡುಗೆ ಒಯ್ದು ಹೊಲದ ತುಂಬ ಚೆಲ್ಲುತ್ತಾರೆ, ಅದೇ ಚರಗ. ಅಲ್ಲಿಂದ ಪಿಂಪ್ರಿಯ ಕಾರ್ಖಾನೆ ಕ್ವಾರ್ಟರ್ಸಿಗೆ ಸೊಸೆಯಾಗಿ ಬಂದ ರಂಗೂಬಾಯಿ ನಲವತ್ತು ವರ್ಷ ಕುಂಡದ ತುಳಸಿಗೇ ಚರಗ ಹಾಕಿ ಸಮಾಧಾನ ಮಾಡಿಕೊಂಡವಳು.

ಗೇಟಿನಲ್ಲಿ ನೀಲಿಮಾ ನಿಯಮಗಳನ್ನು ಒಂದೊಂದಾಗಿ ಕನ್ನಡದಲ್ಲಿ ಹೇಳಿದಳು. ಗದ್ದಲ ಮಾಡಬಾರದು, ದಾರಿ ಬಿಡಬಾರದು, ಪ್ರಾಣಿಗಳಿಗೆ ತಿನ್ನಲು ಹಾಕಬಾರದು. ರಂಗೂಬಾಯಿ ಎಲ್ಲದಕ್ಕೂ ಶಾಲೆಯ ಹುಡುಗಿಯ ಹಾಗೆ ತಲೆಯಾಡಿಸಿದಳು.

ಮೊದಲ ಅರ್ಧ ತಾಸು ಎಲ್ಲ ಸುಸೂತ್ರವಾಗಿತ್ತು. ದಿಬ್ಬದ ಹತ್ತಿರ ಹುಲ್ಲಿನ ನಡುವೆ ಎರಡು ಕಿವಿ ಕಂಡವು. ತೋಳ. ನೀಲಿಮಾ ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿದಳು. ಕಾವಲುಗಾರನ ಮುಖದಲ್ಲೂ ಮೆಚ್ಚುಗೆ ಕಂಡಿತು. ಅಷ್ಟರಲ್ಲಿ ಹಿಂದಿನಿಂದ "ಹುಲ್ಲುಲ್ಲಿಗ್ಯೋ" ಎಂಬ ಚರಗದ ಕೂಗು ಕೇಳಿತು. ಸೊಂಟದೆತ್ತರ ಬೆಳೆದ ಹೊಂಬಣ್ಣದ ಹುಲ್ಲು ಕಂಡು ರಂಗೂಬಾಯಿ ತಲೆಯ ಮೇಲೆ ಸೆರಗು ಹೊದ್ದು, ಬುತ್ತಿ ಬಿಚ್ಚಿ, ನಾಲ್ಕೂ ದಿಕ್ಕಿಗೆ ಚರಗ ಚೆಲ್ಲುತ್ತಿದ್ದಳು. ತೋಳ ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಮಾಯವಾಗಿತ್ತು.

"ಅತ್ತಿ, ಹಾಕಬ್ಯಾಡ್ರಿ ಅಂತ ಹೇಳಿದ್ದಿಲ್ಲೇನ್ರಿ?"

"ಪ್ರಾಣಿಗೆ ಹಾಕಬ್ಯಾಡ್ರಿ ಅಂದಿ. ನಾ ಭೂಮಿತಾಯಿಗೆ ಹಾಕೀನಿ."

ನೀಲಿಮಾಳಿಗೆ ಮೈಯೆಲ್ಲ ಉರಿದುಹೋಯಿತು. ಕಾವಲುಗಾರ ಒಳ್ಳೆಯವನೇ. ಒಂದು ಅಗುಳೂ ಬಿಡದೆ ಹೆಕ್ಕಿ ಒಯ್ದರೆ ತಾನು ಏನೂ ನೋಡಿಲ್ಲ, ಇಲ್ಲವಾದರೆ ವರದಿ ಬರೆಯಲೇಬೇಕು, ಈ ವರ್ಷ ಬಿಲ್ಲೆಯ ಆಸೆ ಬಿಡಿ ಎಂದು ಮರಾಠಿಯಲ್ಲಿ ಹೇಳಿದ. ರಂಗೂಬಾಯಿಗೆ ಮರಾಠಿ ಚೆನ್ನಾಗಿಯೇ ತಿಳಿಯುತ್ತದೆ. ಆಕೆಯ ಮುಖ ಕಪ್ಪಿಟ್ಟಿತು.

"ಬಸರಿಗೆ ಬಡಿಸಿದ ಊಟ ಕಸಗೋಬಾರದು ನೀಲಿಮಾ," ಎಂದಳು ಮೆಲ್ಲಗೆ.

ನೀಲಿಮಾ ಮೊಣಕಾಲೂರಿ ಕೂತಳು. ಕಡುಬಿನ ಚೂರು, ರೊಟ್ಟಿಯ ತುಣುಕು, ಆಗಲೇ ಇರುವೆ ಮುತ್ತಿದ ಪಲ್ಯ. ಹುಲ್ಲು ಬೆರಳು ಕೊಯ್ಯುತ್ತಿತ್ತು. ಓಂಕಾರ್ ಬಗ್ಗಲು ಹೋಗಿ, ತಾಯಿಯ ಮುಖ ನೋಡಿ ಮತ್ತೆ ನೆಟ್ಟಗೆ ನಿಂತ. ಮಾರ್ತಾಂಡ ಏನೂ ಕಾಣದಿದ್ದರೂ ದುರ್ಬೀನು ಇಳಿಸಲಿಲ್ಲ. ನೀಲಿಮಾಳಿಗೆ ಅತ್ತೆಯ ಮೇಲೆ ಸಿಟ್ಟು, ಕಾವಲುಗಾರನ ಮೇಲೆ ಸಿಟ್ಟು, ನಿಯಮದ ಮೇಲಂತೂ ಹೆಚ್ಚು ಸಿಟ್ಟು. ಬೇರೆ ಯಾರೇ ಚೆಲ್ಲಿದ್ದರೂ ಅದೇ ನಿಯಮವನ್ನು ತಾನೂ ಗಟ್ಟಿಯಾಗಿ ಹೇಳುತ್ತಿದ್ದೆ ಎಂಬುದು ಆಕೆಗೆ ಗೊತ್ತಿತ್ತು.

ಗೇಟಿನಲ್ಲಿ ಬಿಲ್ಲೆ ಸಿಕ್ಕಿತು. ಎಲ್ಲರೂ ಕಾರು ಹತ್ತಿದರು. ಹೆಕ್ಕಿದ ಚರಗದ ಗಂಟು ರಂಗೂಬಾಯಿಯ ಮಡಿಲಲ್ಲಿತ್ತು.

ಬೇಲಿ ದಾಟಿ ಒಂದು ಕಿಲೋಮೀಟರಿಗೆ ನೀಲಿಮಾ ಕಾರು ನಿಲ್ಲಿಸಿದಳು. ಹೋದ ವರ್ಷ ಆಕೆ ಮೊದಲ ಸಲ ತೋಳ ಕಂಡ ಹುಲ್ಲುಮೈದಾನ ಅದು. ಈಗ ಜೆಸಿಬಿ ಹುಲ್ಲನ್ನೆಲ್ಲ ಕೆರೆದು ಹಾಕಿತ್ತು. ಸುಣ್ಣದ ಗೆರೆ, ಗೂಟ, ಸೈಟುಗಳ ನಂಬರು.

"ಅತ್ತಿ, ಇಲ್ಲಿ ಚೆಲ್ರಿ. ಇಲ್ಲಿ ಯಾರೂ ಏನೂ ಅನ್ನೂದಿಲ್ಲ."

ರಂಗೂಬಾಯಿ ಗಂಟು ಹಿಡಿದು ಇಳಿದಳು. ಸ್ವಲ್ಪ ದೂರ ನಡೆದು, ಕಾಲಡಿಯ ಗೊರಚು ಮಣ್ಣನ್ನು ನೋಡುತ್ತ ನಿಂತಳು. ಹಾಗೆಯೇ ತಿರುಗಿ ಬಂದು ಕೂತಳು.

"ಇಲ್ಲಿ ಯಾರಿಗೆ ಉಣಸ್ಲಿ?" ಎಂದಳು. "ಇಲ್ಲಿ ಆಕಿ ಉಳದೇ ಇಲ್ಲ."

ಗಂಟು ಮತ್ತೆ ಮಡಿಲಿಗೆ ಬಂತು. ನೀಲಿಮಾ ಬಿಲ್ಲೆಯನ್ನು ಕೊರಳಿನಿಂದ ತೆಗೆದು ಡ್ಯಾಶ್‌ಬೋರ್ಡಿನ ಖಾನೆಯೊಳಗೆ ಹಾಕಿದಳು.