ಮೊದಲು ನುಂಗಿದವಳು

“ನಾಯಿ ಇರುವಂಥ ಮನೆಯೇ ಅಲ್ಲ ಇದು,” ಎಂದು ಬೊಗ್ಲಾರ್ಕ ಮೂಗಿಗೆ ಕರವಸ್ತ್ರ ಒತ್ತಿಕೊಂಡಳು.

“ನಾವಿದೀವಲ್ಲಮ್ಮ,” ಎಂದಳು ಪಿರೋಶ್ಕ.

“ನಿಮ್ಮ ವಿಷಯ ಬೇರೆ. ನಾನು ಮಾತಾಡ್ತಿರೋದು ನಾಯಿ ಬಗ್ಗೆ.”

ಬುಡಾಪೆಸ್ಟಿನ ಶ್ವಾನ ಕಲ್ಯಾಣ ಸಂಘದವಳು ಈ ಬೊಗ್ಲಾರ್ಕ. ಜಿಪ್ಸಿಗಳ ಕೇರಿಗೆ ಇಳಿಯುವ ಮೊದಲು ಕಾರಿನಲ್ಲೇ ಕೂತು ಬೂಟುಗಳಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡಿದ್ದಳು. ಈಗ ಟೇಪು ಹಿಡಿದು, ಇರುವ ಒಂದೇ ಕೋಣೆಯನ್ನು ಅಳೆಯುತ್ತಿದ್ದಳು. ಒಲೆಯಿಂದ ಗೋಡೆಗೆ ಅಳೆದಳು, ಗೋಡೆಯಿಂದ ಮಂಚಕ್ಕೆ ಅಳೆದಳು. ಮಂಚದ ಮೇಲೆ ಪಿರೋಶ್ಕಳ ಅತ್ತೆ ಮಾಲ್ವಿನ್ ಮಲಗಿದ್ದಳು. ಟೇಪು ಅವಳ ಹೊಟ್ಟೆಯ ಮೇಲೆ ಹಾದುಹೋಯಿತು.

“ಏನವ್ವಾ, ಪೆಟ್ಟಿಗೆ ಮಾಡ್ಸಕ್ಕೆ ಅಳತೆ ತಗೀತಿದ್ದೀಯಾ? ಇನ್ನೂ ಉಸ್ರೈತೆ ಕಣವ್ವ ನಂಗೆ. ಬೇಕಾರೆ ಮುಟ್ಟಿ ನೋಡು.”

ಬೊಗ್ಲಾರ್ಕ ಮುಟ್ಟಲಿಲ್ಲ.

ಊರಾಚೆ ಔಷಧಿ ಕಂಪನಿಯೊಂದರ ಪ್ರಯೋಗಶಾಲೆ ಇತ್ತು. ಅಲ್ಲಿ ಬೀಗಲ್ ಜಾತಿಯ ನಾಯಿಗಳಿಗೆ ಗುಳಿಗೆ ತಿನ್ನಿಸಿ ನೋಡಿ, ಅವು ಸಾಯದಿದ್ದರೆ ಆಮೇಲೆ ಮನುಷ್ಯರಿಗೆ ಮಾರುತ್ತಿದ್ದರು. ಪಿರೋಶ್ಕ ಅಲ್ಲಿ ನಾಯಿಗೂಡು ತೊಳೆಯುವವಳು. ರಾಜಧಾನಿಯ ಜನ ಬೀದಿಗಿಳಿದು ಕೂಗಾಡಿದ ಮೇಲೆ ಕಂಪನಿಗೆ ಇದ್ದಕ್ಕಿದ್ದಂತೆ ಕರುಣೆ ಉಕ್ಕಿ, ಕೆಲಸ ಮುಗಿದ ನಾಯಿಗಳನ್ನೆಲ್ಲ ಒಳ್ಳೆಯ ಮನೆಗಳಿಗೆ ದತ್ತು ಕೊಡುವುದಾಗಿ ಸಾರಿತ್ತು. ಮನೆ ಒಳ್ಳೆಯದೋ ಅಲ್ಲವೋ ನೋಡಿ ಹೇಳುವುದು ಸಂಘದ ಕೆಲಸ. ಪಿರೋಶ್ಕ ತನಗೂ ಒಂದು ಬೇಕೆಂದು ಕೇಳಿದ್ದಳು. ಕಿವಿಯೊಳಗಿನ ಹಚ್ಚೆಯ ನಂಬರು ಬಿಟ್ಟರೆ ಆ ನಾಯಿಗೆ ಹೆಸರಿರಲಿಲ್ಲ. ಮೈಮೇಲೆ ಕರಿ ಗಸಗಸೆ ಚೆಲ್ಲಿದಂತೆ ಚುಕ್ಕೆಗಳಿದ್ದುದರಿಂದ, ಗಸಗಸೆಯವಳು ಎಂಬ ಅರ್ಥಕ್ಕೆ ಇವಳೇ ಮಾಕೋಶ್ ಎಂದು ಕರೆಯುತ್ತಿದ್ದಳು.

ನಿಜವಾಗಿ ಅದು ಬೇಕೆಂದು ಹಟ ಹಿಡಿದವಳು ಮಾಲ್ವಿನ್. ಅವಳ ಎದೆನೋವಿಗೆ ಆಸ್ಪತ್ರೆಯವರು ಹೊಸ ಗುಳಿಗೆ ಕೊಟ್ಟಾಗ ಮುದುಕಿ ಬಾಯಿ ಬಿಗಿಹಿಡಿದು ಕೂತಿದ್ದಳು. ಡಬ್ಬಿಯ ಮೇಲಿನ ಹೆಸರು ನೋಡಿ ಪಿರೋಶ್ಕ, “ಇದು ನಮ್ ಮಾಕೋಶ್ ತಿಂದಿದ್ದೇ ಕಣತ್ತೆ,” ಎಂದಿದ್ದೇ ತಡ, ಬಾಯಿ ತೆರೆದಳು.

“ಅಂಗಾದ್ರೆ ಕೊಡು. ಡಾಕ್ಟ್ರು ತಿಂದ್ ನೋಡವ್ನಾ? ನಾಯಿ ತಿಂದ್ ನೋಡೈತೆ.”

ಅಂದಿನಿಂದ ಸೊಸೆ ಕೆಲಸದಿಂದ ಬಂದು ಬೂಟು ಕಳಚುವ ಮೊದಲೇ ವಿಚಾರಣೆ ಶುರುವಾಗುತ್ತಿತ್ತು. ಅದಕ್ಕೂ ಬಾಯಿ ಒಣಗ್ತದಾ? ಕಾಲು ಊದ್ತದಾ? ಮಾಕೋಶ್ ವಾಂತಿ ಮಾಡಿಕೊಂಡಿತೆಂದು ಕೇಳಿದ ದಿನ ಮಾಲ್ವಿನ್ ತಾನೂ ಸಾರು ಮುಟ್ಟದೆ ಮಲಗಿದಳು. ನಾಯಿ ಮೂಸಿದ ತಟ್ಟೆಯನ್ನು ಒಡೆದು ಎಸೆಯುವ ಜನ ಅವರು. ನಾಯಿ ಹೊಸಿಲು ದಾಟಿದರೆ ಮನೆಗೇ ಮೈಲಿಗೆ. ಅಂಥವಳು, ಕಣ್ಣಿಂದ ಕಂಡೇ ಇರದ ನಾಯಿಯನ್ನು ಅಕ್ಕ ಎಂದು ಕರೆಯತೊಡಗಿದ್ದಳು.

“ನಂಗಿಂತ ಮುಂಚೆ ನುಂಗೈತಲ್ಲ, ಅದ್ಕೇ ಅಕ್ಕ. ಅದ್ರ ದೆಸೆಯಿಂದ ನಾನ್ ಬದ್ಕಿವ್ನಿ. ಅದರ ಬಾಯಿಗೊಂದು ತುತ್ತು ಹಾಕ್ದೆ ಸತ್ರೆ ದೇವ್ರು ಮೆಚ್ಚಾನಾ?”

“ನಾಯಿ ಎಲ್ಲಿ ಮಲಗುತ್ತೆ?” ಎಂದು ಈಗ ಬೊಗ್ಲಾರ್ಕ ಕೇಳಿದಳು.

ಮಾಲ್ವಿನ್ ಎದ್ದು ಕೂತಳು. ಈ ಪ್ರಶ್ನೆಗೇ ಅವಳು ಕಾದಿದ್ದಳು. ಊರಿನವರು ಕೇರಿಯವರನ್ನು ಕೊಳಕರೆಂದು ಆಡಿಕೊಳ್ಳುವುದು ಅವಳಿಗೆ ಗೊತ್ತಿಲ್ಲದ್ದೇ? ತಮ್ಮ ಮಡಿ ಎಂಥದೆಂದು ಈ ಬುಡಾಪೆಸ್ಟಿನವಳಿಗೆ ಇವತ್ತು ತೋರಿಸಿಯೇ ಬಿಡಬೇಕು.

“ಹೊರಗೆ ಕಣವ್ವ! ನಮ್ ವಂಸದಲ್ಲೇ ಒಂದ್ ನಾಯಿ ಒಳೀಕ್ ಬಂದಿಲ್ಲ. ಅದ್ರ ತಟ್ಟೆ ಬ್ಯಾರೆ, ನೀರು ಬ್ಯಾರೆ. ಅಪ್ಪಿತಪ್ಪಿ ಮುಟ್ಟಿದ್ರೆ ಮೊಳಕೈಗಂಟ ತೊಳ್ಕಂತೀವಿ. ಕೇರಿನೆಲ್ಲ ಕೇಳು ಬೇಕಾರೆ, ನಾವು ಬೋ ಸುದ್ದದ ಜನ!”

ಪಿರೋಶ್ಕ ಕಣ್ಣು ಮಿಟುಕಿಸಿದಳು, ಕೆಮ್ಮಿದಳು, ಕೊನೆಗೆ ಅತ್ತೆಯ ಕಾಲನ್ನೇ ಚಿವುಟಿದಳು. ಮುದುಕಿ, “ಯಾಕೆ ಚಿವುಟ್ತೀಯೇ ಮುಂಡೇದೇ, ಸುಳ್ ಏಳ್ತಿದ್ದೀನಾ?” ಎಂದು ಅವಳನ್ನೇ ಗದರಿಕೊಂಡಳು.

ಬೊಗ್ಲಾರ್ಕಳ ಕಣ್ಣಲ್ಲಿ ನೀರಾಡಿತು. “ಪಾಪದ ಜೀವ! ಇಷ್ಟು ವರ್ಷ ನರಳಿರೋದನ್ನ ಮತ್ತೆ ಚಳಿಗೆ ಹಾಕ್ತೀರಾ? ಒಳಗಾದರೂ ಏನಿದೆ? ಜಾಗ ಇಲ್ಲ, ನಲ್ಲಿ ಇಲ್ಲ, ಸೂರು ಸೋರುತ್ತೆ.”

“ಅಲ್ಲಿ ಗೂಡಲ್ಲಿ ಮೈ ತಿರುಗ್ಸಕ್ಕೂ ಜಾಗ ಇರ್ಲಿಲ್ವಲ್ಲಮ್ಮ?” ಎಂದಳು ಪಿರೋಶ್ಕ.

“ಅದು ವಿಜ್ಞಾನ. ಇದು ಮನೆ.”

“ಮತ್ತೆ ಅದನ್ನ ಏನ್ ಮಾಡ್ತೀರಾ?”

“ಮುದಿ ನಾಯಿ. ಶನಿವಾರ ದತ್ತು ಕೊಡುವಾಗ ಬೇರೆ ಯಾರೂ ಒಯ್ಯದಿದ್ದರೆ ಡಾಕ್ಟರು ಸೂಜಿ ಹಾಕಿ ಮಲಗಿಸಿಬಿಡ್ತಾರೆ. ನೋವೇ ಆಗಲ್ಲ. ಇಂಥ ಮನೇಲಿ ಬದುಕೋದಕ್ಕಿಂತ ಅದೇ ನೆಮ್ಮದಿ ಅದಕ್ಕೆ.”

ಕಾರು ಹೋದಮೇಲೆ ಮಾಲ್ವಿನ್ ಬಾಯಿ ಬಡಿದುಕೊಂಡಳು. “ನನ್ ನಾಲ್ಗೆ ಸೇದೋಗ! ನಾನೇ ಕೊಂದೆ ಕಣೇ ನಮ್ಮಕ್ಕನ್ನ!” ಅತ್ತು ಸಾಕಾದಮೇಲೆ ಕಣ್ಣೊರೆಸಿಕೊಂಡು ಸೂರು ನೋಡಿದಳು.

“ಇಂಥ ಮನೇಲ್ ಇರಾದ್ಕಿಂತ ಸಾಯಾದೇ ವಾಸಿ ಅಂದ್ಲಾ ಅವ್ಳು?”

“ನಾಯಿಗ್ ಅಂದಿದ್ದು ಕಣತ್ತೆ.”

“ಮನೆ ಯಾರ್ದು?”

ಪಿರೋಶ್ಕ ಒಲೆಗೆ ಸೌದೆ ತುರುಕಿದಳು.

ಶನಿವಾರ ಪ್ರಯೋಗಶಾಲೆಯ ಮುಂದಿನ ಹುಲ್ಲುಹಾಸಿನ ಮೇಲೆ ಶಾಮಿಯಾನ ಎದ್ದಿತ್ತು. ಪಿರೋಶ್ಕ ಬೆಳಗ್ಗೆಯಿಂದ ನಾಯಿಗಳಿಗೆ ಸ್ನಾನ ಮಾಡಿಸಿ ಕೊರಳಿಗೆ ರಿಬ್ಬನ್ನು ಕಟ್ಟಿದ್ದಳು. ಮೇಸ್ತ್ರಿ ಕೆಲೆಮೆನ್ ಬಂದವನೇ, “ಟಿವಿಯವರು ಬರ್ತಾ ಇದಾರೆ, ನೀನು ಹಿಂದಿನ ಶೆಡ್ಡಿಗೆ ನಡಿ. ನಿನ್ನ ಮುಖ ಕಂಡ್ರೆ ನಾಯಿಗಳನ್ನ ಕದ್ದು ತಂದಿದೀವಿ ಅಂದ್ಕೊಂಡಾರು ಜನ,” ಎಂದು ತನ್ನ ಮಾತಿಗೆ ತಾನೇ ನಕ್ಕ. ಪಿರೋಶ್ಕಳೂ ನಕ್ಕಳು. ನಗದಿದ್ದರೆ ಕೆಲಸ ಹೋಗುತ್ತಿತ್ತು. ನಕ್ಕದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಶೆಡ್ಡಿನ ಕಿಟಕಿಯಿಂದ ಎಲ್ಲ ಕಾಣುತ್ತಿತ್ತು. ನಾಯಿಗಳು ಹುಲ್ಲನ್ನೇ ಕಂಡವಲ್ಲ. ಬೆಂಕಿ ತುಳಿದಂತೆ ಒಂದೊಂದೇ ಕಾಲೆತ್ತಿ ನಿಂತವು. ನೋಡಿದ ಹೆಂಗಸರು ಬಿಕ್ಕಿ ಬಿಕ್ಕಿ ಅತ್ತರು. ಕಂಪನಿಯ ನಿರ್ದೇಶಕರು ಕರುಣೆಯ ಬಗ್ಗೆ ಭಾಷಣ ಮಾಡಿದರು. ಒಂದೊಂದು ನಾಯಿಗೂ ಉಣ್ಣೆ ಕಂಬಳಿ, ಮೆತ್ತನೆಯ ಬುಟ್ಟಿ, ಮನಸ್ಸಿಗೆ ಬೇಸರವಾದರೆ ತೋರಿಸಲು ಬೇರೆಯೇ ಡಾಕ್ಟರು. ಗೂಡು ತೊಳೆಯುವ ಔಷಧಿ ಚೆಲ್ಲಿ ಪಿರೋಶ್ಕಳ ಅಂಗೈ ಸುಲಿದುಹೋದಾಗ, ಕೈಗವಸು ನೀನೇ ಕೊಂಡುಕೋ ಎಂದಿದ್ದ ಕೆಲೆಮೆನ್ ಈಗ ನಾಯಿಯೊಂದರ ಮೂಗು ಒರೆಸುತ್ತಿದ್ದ.

ಮಾಕೋಶ್ ಶೆಡ್ಡಿನ ಗೂಡಿನಲ್ಲೇ ಇತ್ತು. ಸೊಂಟದ ಕೂದಲು ಉದುರಿ, ಕಣ್ಣಲ್ಲಿ ಪಿಚ್ಚು ಕಟ್ಟಿದ ನಾಯಿ ಟಿವಿಯಲ್ಲಿ ಚೆನ್ನಾಗಿ ಕಾಣುವುದಿಲ್ಲವೆಂದು ಅದನ್ನು ಹೊರಗೆ ತಂದೇ ಇರಲಿಲ್ಲ. ಕಾಣದ ನಾಯಿಯನ್ನು ಒಯ್ಯುವವರು ಯಾರು?

ಸಂಜೆ ಜನ ಕರಗುವ ಹೊತ್ತಿಗೆ ಪಿರೋಶ್ಕ ಬಕೀಟು ತುಂಬಿಸಿಕೊಂಡು ಬಂದರೆ, ಗೂಡಿನೊಳಗೆ ಹೂಹೂವಿನ ಲಂಗ ಹರಡಿಕೊಂಡು ಮಾಲ್ವಿನ್ ಕೂತಿದ್ದಳು! ಒಳಗಿನಿಂದ ಅಗುಳಿಗೆ ತಲೆವಸ್ತ್ರ ಬಿಗಿದು ಗಂಟು ಹಾಕಿದ್ದಳು. ಮಾಕೋಶ್ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿತ್ತು.

“ಅತ್ತೆ! ಎಂಗ್ ಬಂದೆ ಒಳೀಕೆ?”

“ನಡ್ಕಂಡ್ ಬಂದೆ. ಕೇರಿಯೋಳು ಅಂದ್ರೆ ಕಸ ಗುಡ್ಸಕ್ಕೇ ಬಂದವ್ಳೆ ಅಂತ ಆ ಕಾವ್ಲೋನು ತಲೆ ಎತ್ತೂ ನೋಡ್ನಿಲ್ಲ.”

“ನಾಯಿನ ಮುಟ್ಕಂಡ್ ಕೂತಿದ್ದೀಯಲ್ಲ!”

“ಅಕ್ಕನ್ ಮುಟ್ಟಿದ್ರೆ ಎಂತಾ ಮೈಲ್ಗೆನೇ? ಬುಡು. ಕೊಬ್ಬು ಸವರಿದ್ ರೊಟ್ಟಿ ತಂದಿದ್ದೆ, ಅರ್ಧ ಅದು ತಿಂತು, ಅರ್ಧ ನಾನ್ ತಿಂದೆ.”

ಅಷ್ಟರಲ್ಲಿ ಬಿಳಿ ಕೋಟಿನ ಡಾಕ್ಟರ್ ಅರ್ವಾಯ್ ತಟ್ಟೆಯಲ್ಲಿ ಸೂಜಿ ಇಟ್ಟುಕೊಂಡು ಬಂದ. ಹಿಂದೆಯೇ ಕೆಲೆಮೆನ್ ಬಂದ. ಗೂಡಿನೊಳಗೆ ಅಜ್ಜಿಯನ್ನು ಕಂಡು ಡಾಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

“ಬಾಪ್ಪ ಡಾಕ್ಟ್ರೆ,” ಎಂದಳು ಮಾಲ್ವಿನ್. “ಮೊದ್ಲು ನಂಗೆ ಚುಚ್ಚು.”

“ಏನಜ್ಜಿ ಇದು ಹುಚ್ಚಾಟ? ಇದು ನಾಯಿಗೆ ಹಾಕೋದು.”

“ಅದ್ಯಾಕೆ ನಾಯಿಗೇ? ನಮ್ ಮನೇಲ್ ಬದುಕಾದ್ಕಿಂತ ಸೂಜಿನೇ ನೆಮ್ದಿ ಅಂತ ನಿಮ್ಮೋಳೇ ಬಂದು ಅಳ್ತೆ ಹಾಕ್ಬುಟ್ಟು ಏಳ್ಲಿಲ್ವಾ? ಈ ನಾಯಿ ಆ ಮನೇಲಿ ಒಂದ್ ದಿನಾನೂ ಇದ್ದಿಲ್ಲ. ನಾನ್ ಹುಟ್ಟಿದ್ದೇ ಅಲ್ಲಿ. ಅದಕ್ ತೋರ್ಸೋ ಕರುಣೆ ನಂಗೂ ಒಸಿ ತೋರ್ಸು. ಇಬ್ರೂ ತಿಂದಿರಾದು ನಿಮ್ ಗುಳಿಗೇನೇ, ಬ್ಯಾರೆ ಎಂಗಾದೀವು?”

ಕೆಲೆಮೆನ್ನನ ಮುಖ ಕೆಂಪಾಯಿತು. ಶೆಡ್ಡಿನ ಬಾಗಿಲಲ್ಲಿ ಟಿವಿಯ ಹುಡುಗಿ ಕ್ಯಾಮೆರಾದವನ ತೋಳು ಹಿಡಿದೆಳೆಯುತ್ತಿದ್ದಳು. ಕೆಲೆಮೆನ್ ಪಿರೋಶ್ಕಳ ಕಿವಿಯ ಬಳಿ ಬಗ್ಗಿ, “ನಿನ್ನ ಮುದುಕೀನ ಈಗಲೇ ಎಳ್ಕೊಂಡು ನಡಿ. ಇಲ್ಲದಿದ್ರೆ ಸೋಮವಾರದಿಂದ ಈ ಕಡೆ ತಲೆ ಹಾಕ್ಬೇಡ,” ಎಂದು ಹಲ್ಲು ಕಚ್ಚಿದ.

ಚಳಿಗಾಲ ಎದುರಿಗಿತ್ತು. ಕೇರಿಯಲ್ಲಿ ಸಂಬಳ ಬರುವ ಮನೆ ಎಂದರೆ ಪಿರೋಶ್ಕಳದೊಂದೇ. ಬಕೀಟು ಕೆಳಗಿಟ್ಟು, “ಅತ್ತೆ, ಗಂಟು ಬಿಚ್ಚು,” ಎಂದಳು. ಮುದುಕಿ ಸೊಸೆಯ ಮುಖ ನೋಡಿ ಬಿಚ್ಚಿದಳು.

“ಹಾಂ, ಹಾಗೆ ಬಾ ದಾರಿಗೆ,” ಎಂದ ಕೆಲೆಮೆನ್.

ಪಿರೋಶ್ಕ ಬಗ್ಗಿ ಗೂಡಿನೊಳಕ್ಕೆ ಹೊಕ್ಕಳು. ಬಾಗಿಲೆಳೆದುಕೊಂಡು, ತಲೆವಸ್ತ್ರವನ್ನು ತಾನೇ ಮತ್ತೆ ಎರಡು ಸುತ್ತು ಬಿಗಿದಳು. “ಒಸಿ ಸರ್ಕೋ ಅತ್ತೆ,” ಎಂದು ಪಕ್ಕದಲ್ಲಿ ಕೂತು ತೋಳು ಮಡಚಿ ಮೇಲಕ್ಕೇರಿಸಿದಳು. “ನಾನೂ ಆ ಮನೆಯೋಳೇ ಡಾಕ್ಟ್ರೆ. ಬರ್ಕಳಿ.”

ಮುದುಕಿಯೂ ರವಿಕೆಯ ತೋಳೇರಿಸಿ, ಸರಳುಗಳ ಸಂದಿನಿಂದ ಕೈ ಹೊರಗೆ ಚಾಚಿದಳು. ಸೊಸೆಯೂ ಚಾಚಿದಳು. ಡಾಕ್ಟರು ಸೂಜಿ ಹಿಡಿದು ಒಂದು ಹೆಜ್ಜೆ ಹಿಂದೆ ಸರಿದ. ಬೆಳಕು ಬಿದ್ದು ಸೂಜಿ ಹೊಳೆಯಿತು. ಅದನ್ನು ಕಂಡದ್ದೇ ಮಾಕೋಶ್ ತಡಬಡಿಸಿ ಎದ್ದು, ಇಷ್ಟು ವರ್ಷ ರಕ್ತ ತೆಗೆಯುವಾಗ ಕಲಿಸಿದ್ದಂತೆ ತನ್ನ ಮುಂಗಾಲನ್ನು ಅವರಿಬ್ಬರ ಕೈಗಳ ನಡುವೆ ತೂರಿಸಿ ಹೊರಗೆ ಚಾಚಿ ನಿಂತಿತು.

ಮಾಲ್ವಿನ್ ಆ ಕಾಲನ್ನು ಮೆಲ್ಲಗೆ ಹಿಡಿದು ಒಳಗೆಳೆದುಕೊಂಡಳು.

“ನೀನ್ ಸುಮ್ಕಿರವ್ವ. ನಿನ್ ಸರದಿ ಆಗೋಯ್ತು. ಈಗ ನಮ್ದು.”