ಲಹರಿಯ ಕೀ

ಅಮೀರ್‌ಪೇಟ್‌ನ ನಮ್ಮ ಕೋಚಿಂಗ್ ಸೆಂಟರಿನಲ್ಲಿ ಲಹರಿ ನನ್ನ ಪಕ್ಕದ ಕಂಪ್ಯೂಟರಿನಲ್ಲಿ ಕೂರುತ್ತಾಳೆ. ಹಾಸ್ಟೆಲಿನಲ್ಲೂ ಅವಳದು ಪಕ್ಕದ ಮಂಚ. ಅದನ್ನೆಲ್ಲ ಸಹಿಸಬಹುದು. ಆದರೆ ಸರ್ವರಿಗೆ ಲಾಗಿನ್ ಆಗಲು ನಾನು ಮಾರುದ್ದದ ಪಾಸ್‌ವರ್ಡ್ ಕುಟ್ಟುತ್ತ, ತಪ್ಪಿ, ಮತ್ತೆ ಕುಟ್ಟುತ್ತಿದ್ದರೆ, ಅವಳು ಪಾಸ್‌ವರ್ಡಿನ ಗೊಡವೆಯೇ ಇಲ್ಲದೆ ಒಳಗೆ ಹೋಗಿ ಆರಾಮಾಗಿ ಜಡೆ ಸರಿಮಾಡಿಕೊಳ್ಳುತ್ತಾಳೆ. ಅವಳ ಹತ್ತಿರ ಪಾಸ್‌ವರ್ಡಿನ ಬದಲು ನಡೆಯುವ ಎಸ್‌ಎಸ್‌ಎಚ್ ಕೀ ಇದೆ.

"ನಾ ಹೇಳಿಕೊಡ್ಲೇನು, ಗುರುದೇವಿ?" ಎಂದಳು.

"ಏನೂ ಬ್ಯಾಡ. ನನಗೂ ಬರ್ತೈತಿ" ಎಂದೆ.

ಇವತ್ತು ನಾನೂ ಕೀ ಮಾಡಿದೆ. ಎರಡು ಫೈಲು ಹುಟ್ಟಿದವು: ಸರ್ವರಿಗೆ ಕೊಡಬೇಕಾದ ಪಬ್ಲಿಕ್ ಕೀ, ಯಾರಿಗೂ ಕೊಡಬಾರದ ಪ್ರೈವೇಟ್ ಕೀ. ಪಬ್ಲಿಕ್ ಕೀ ಕಳಿಸಿದರೆ ನಮ್ಮ ಜಯತೀರ್ಥ ಸರ್ ಅದನ್ನು ಸರ್ವರಿಗೆ ಸೇರಿಸುತ್ತಾರೆ. ಲಹರಿಯೂ ನೋಡಿ ಉರಿದುಕೊಳ್ಳಲಿ ಎಂದು ನಾನು ಕ್ಲಾಸಿನ ವಾಟ್ಸಾಪ್ ಗ್ರೂಪಿಗೇ ಹಾಕಿದೆ.

ಸರ್ ಫೋನ್ ನೋಡಿದವರೇ ನನ್ನ ಬಳಿ ಬಂದರು. "ನೀ ಹಾಕಿದ್ದು ಪ್ರೈವೇಟ್ ಕೀ ಐತಿ, ಗುರುದೇವಿ. ಎಲ್ಲಾರೂ ನೋಡಿದ ಮ್ಯಾಲೆ ಅದು ಕೆಲಸಕ್ಕ ಬರಂಗಿಲ್ಲ. ಅಳಿಸಿ ಹೊಸಾದು ಮಾಡು."

ನನ್ನ ಮುಖ ಸಪ್ಪಗಾದದ್ದು ಕಂಡು ದನಿ ತಗ್ಗಿಸಿದರು. "ಇರಲಿ ಬಿಡವಾ. ಹೋದ ವಾರ ಲಹರಿನೂ ನನಗ ಪ್ರೈವೇಟ್ ಕೀನೇ ಕಳಿಸಿದ್ಲು."

ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಈ ತಪ್ಪನ್ನೂ ಅವಳು ನನಗಿಂತ ಮೊದಲೇ ಮಾಡಿ ಮುಗಿಸಿದ್ದಳು!